ಅಳುಬುರುಕಿ ವೈರು

ತಂತಿಯ ತುದಿಗೆ ಹೊಸ ಪಿನ್ನು ಕೂರಿಸಿ, ಇಕ್ಕಳದಿಂದ ಒತ್ತಿ, ವೈಫೈ ಡಬ್ಬಿಯ ಕಿಂಡಿಗೆ ಚುಚ್ಚಿ ಅವಳು ಉಸಿರು ಬಿಗಿಹಿಡಿದು ನೋಡಿದಳು. ದೀಪ ಹತ್ತಲಿಲ್ಲ. ಕಿತ್ತು ಮತ್ತೆ ಚುಚ್ಚಿದಳು. ಊಹೂಂ. ಚರ್ಚಿನಲ್ಲಿ ಹಾಡುಗಾರರು ನಿಲ್ಲುವ ಅಟ್ಟದ ಮೇಲೆ ಬೋರಲಾಗಿ ಮಲಗಿ ಆಗಲೇ ಒಂದು ಗಂಟೆಯಾಗಿತ್ತು. ಸಾವಿನ ಮನೆಗೆಂದು ಉಟ್ಟ ಕರಿ ಬಟ್ಟೆಯ ತುಂಬ ಧೂಳು ಮೆತ್ತಿತ್ತು. ಕೆಳಗೆ ದೊಡ್ಡ ಬಾಗಿಲು ಕಿರುಗುಟ್ಟಿತು, ಜನ ಎದ್ದು ನಿಂತ ಸದ್ದಾಯಿತು. ಆರು ಜನ ಅವಳ ಸೋದರಮಾವನ ಶವಪೆಟ್ಟಿಗೆ ಹೊತ್ತು ಒಳಗೆ ಬರುತ್ತಿದ್ದರು.

ಹನ್ನೊಂದಕ್ಕೆ ಪೂಜೆ. ಫಾದರ್ ಗಡಿಯಾರದ ಮನುಷ್ಯ. ಹನ್ನೊಂದೆಂದರೆ ಹನ್ನೊಂದು, ಹೆಣವೇ ಎದ್ದು ಕೂತು ಐದು ನಿಮಿಷ ತಾಳಿ ಅಂದರೂ ತಾಳುವವರಲ್ಲ. ಬೆಳಿಗ್ಗೆ ಅವಳು ಹೋಗಿ, ಅರ್ಧ ಗಂಟೆ ತಡಮಾಡಿ ಎಂದು ಕೇಳಿಕೊಂಡಾಗ ಅವರು ಕೈಗಡಿಯಾರವನ್ನೇ ನೋಡಿದ್ದರು.

ಅರ್ಧ ಗಂಟೆ ಬೇಕಾಗಿದ್ದು ಅತ್ತೆಗಾಗಿ, ಮಾವನ ಹೆಂಡತಿಗಾಗಿ. ಮಂಗಳವಾರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮಾವ ಅವರನ್ನು ಆಸ್ಪತ್ರೆಗೆ ಸೇರಿಸಿ ಬಂದವರು ಬುಧವಾರ ಬೆಳಿಗ್ಗೆ ಗಡ್ಡ ಕೆರೆಯುತ್ತಿದ್ದಾಗ ಕುಸಿದು ಬಿದ್ದು, ಅರ್ಧ ಕೆನ್ನೆಯ ನೊರೆ ಹಾಗೇ ಇರುವಾಗಲೇ ಹೋಗಿಬಿಟ್ಟರು. ಶುಕ್ರವಾರ ಅಂತ್ಯಕ್ರಿಯೆ. ಅತ್ತೆಯನ್ನು ಮಂಚದಿಂದ ಅಲುಗಾಡಿಸುವ ಹಾಗಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅತ್ತೆ ಅತ್ತಿರಲಿಲ್ಲ, ಜಗಳವಾಡಿರಲಿಲ್ಲ. ಮೊಬೈಲಿನಲ್ಲಿ ಚರ್ಚು ಕಾಣುವ ಹಾಗೆ ಮಾಡಿಕೊಡು ಎಂದು ಮಾತ್ರ ಕೇಳಿದ್ದರು.

"ಚಿತ್ರ ತೆಗೆದು ಆಮೇಲೆ ತಂದು ತೋರಿಸಬೇಡ, ಪುಟ್ಟಿ. ಅದು ಸಿನಿಮಾ ನೋಡಿದ ಹಾಗೆ. ಅಲ್ಲಿ ಅವರು ಪ್ರಾರ್ಥನೆ ಹೇಳೋ ಹೊತ್ತಿಗೆ ನಾನೂ ಇಲ್ಲಿ ಹೇಳ್ಬೇಕು. ಅಷ್ಟೇ."

ಆಗಲಿ ಅತ್ತೆ ಎಂದು ಇವಳು ಮಾತು ಕೊಟ್ಟಿದ್ದಳು. ನೆಟ್‌ವರ್ಕ್ ಎಳೆಯುವುದೇ ಇವಳ ಕಸುಬು. ಈ ಚರ್ಚಿನ ಹಳೆಯ ನೆಟ್‌ವರ್ಕ್ ಕಿತ್ತು ಹೊಸದು ಹಾಕುವ ಗುತ್ತಿಗೆಯೂ ಇವಳದೇ. ನಾಲ್ಕು ಕಂಬಗಳ ಮೇಲೆ ಹೊಚ್ಚಹೊಸ ವೈಫೈ ಡಬ್ಬಿಗಳು ಬೆಳ್ಳಗೆ ಹಲ್ಲು ಕಿರಿದು ಕೂತಿದ್ದವು. ಆದರೆ ಇಂಟರ್‌ನೆಟ್ ಬರುವುದು ಅಂಗಳದಾಚೆಯ ಕಚೇರಿಗೆ. ಅಲ್ಲಿಂದ ಚರ್ಚಿಗೆ ಇದ್ದದ್ದು ಒಂದೇ ಹಳೆಯ ತಂತಿ. ಅದು ಮಂಗಳವಾರದಿಂದ ಸತ್ತಿತ್ತು. ಹೊಸ ತಂತಿಗೆ ನೆಲ ಅಗೆಯಲು ಅಪ್ಪಣೆ ಬರಲು ಇನ್ನೂ ಒಂದು ವಾರ. ಅಲ್ಲಿಯವರೆಗೆ ದೊಡ್ಡ ಬಾಗಿಲಿನಿಂದ ತಾತ್ಕಾಲಿಕವಾಗಿ ಒಂದು ತಂತಿ ಎಳೆದುಕೊಳ್ಳುತ್ತೇನೆ ಎಂದರೆ, ಪೆಟ್ಟಿಗೆ ಬರುವ ದಾರಿಯಲ್ಲಿ ವೈರು ಹಾಸಿ ಹೊತ್ತವರನ್ನೂ ಬೀಳಿಸುತ್ತೀಯಾ ಎಂದು ಚರ್ಚು ಸಮಿತಿಯ ಅಧ್ಯಕ್ಷರು ಗದರಿದ್ದರು. ಅಂಗಳದಲ್ಲಿ ನಿಂತರೆ ಮೊಬೈಲು ಚೆನ್ನಾಗಿಯೇ ಮಾತಾಡುತ್ತಿತ್ತು. ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಲು ಅವಳು ಬೆಳಿಗ್ಗೆಯಿಂದ ನಾಲ್ಕು ಸಲ ಹೊರಗೆ ಓಡಿದ್ದಳು. ಒಳಗೆ ಕಾಲಿಟ್ಟರೆ ಮುಗಿಯಿತು. ಮೂರಡಿ ದಪ್ಪದ ಕಲ್ಲಿನ ಗೋಡೆ ಅದು.

ಈಗ ಅವಳ ಕೈಯಲ್ಲಿ ಆ ಹಳೆಯ ತಂತಿಯ ಅಟ್ಟದ ಕಡೆಯ ತುದಿ ಇತ್ತು. ಕಚೇರಿಯ ಕಡೆಯ ತುದಿಯೂ ಸಿಕ್ಕಿತ್ತು. ಗಾಯಕ್ಕೆ ಸುತ್ತುವ ಬಿಳಿ ಪಟ್ಟಿಯನ್ನು ಎರಡಕ್ಕೂ ಸುತ್ತಿ, ಮಾವ ತಮ್ಮ ದುಂಡಗಿನ ಅಕ್ಷರದಲ್ಲಿ ಒಂದೇ ಹೆಸರು ಬರೆದಿದ್ದರು: ಅಳುಬುರುಕಿ. ನಡುವೆ ಎಲ್ಲೋ ತುಂಡಾಗಿದೆ. ಅಟ್ಟದಿಂದ ನಲವತ್ತು ಮೀಟರಿಗೆ ತುಂಡು ಎಂದು ಅವಳ ತಂತಿ ಪರೀಕ್ಷಿಸುವ ಯಂತ್ರ ಹೇಳುತ್ತಿತ್ತು. ಸರಿ, ಯಾವ ದಿಕ್ಕಿಗೆ? ಮರದ ಹಲಗೆಗಳ ಹಿಂದೆ, ಕಲ್ಲಿನ ಸಂದಿಗಳಲ್ಲಿ ಮಾವ ಎಲ್ಲಿಂದ ಎಲ್ಲಿಗೆ ನುಸುಳಿಸಿದ್ದರೋ ದೇವರಿಗೇ ಗೊತ್ತು. ಕೇಳೋಣವೆಂದರೆ ಕೇಳಬೇಕಾದವರು ಕೆಳಗೆ ಪೆಟ್ಟಿಗೆಯಲ್ಲಿ ಮಲಗಿದ್ದರು.

ಗಂಟೆ ಹನ್ನೊಂದು ಹೊಡೆಯಿತು. ಫಾದರ್ ಶುರುಮಾಡಿಯೇಬಿಟ್ಟರು.

*

ಆರು ವಾರದ ಹಿಂದೆ ಸಮಿತಿಯವರು ಅವಳನ್ನು ಕರೆಸಿದ್ದರು. ಕಚೇರಿಯಲ್ಲಿ ಇಂಟರ್‌ನೆಟ್ ಬಂದರೆ ಮಕ್ಕಳ ತರಗತಿಯಲ್ಲಿ ಬರುವುದಿಲ್ಲ, ತರಗತಿಯಲ್ಲಿ ಬಂದರೆ ಚರ್ಚಿನಲ್ಲಿ ಇಲ್ಲ, ಎಲ್ಲ ಹೊಸದಾಗಬೇಕು ಎಂಬುದು ಅವರ ಗೋಳು. ವೈರಣ್ಣನ ತಂಗಿಯ ಮಗಳೇ ಇರುವಾಗ ಬೇರೆಯವರನ್ನು ಯಾಕೆ ಹುಡುಕಬೇಕು ಎಂದರು. ವೈರಣ್ಣ ಎಂದರೆ ಮಾವ. ಮೂವತ್ತೊಂದು ವರ್ಷದಿಂದ ಆ ಚರ್ಚಿನ ದೀಪ, ಮೈಕು, ಗಂಟೆಯ ಮೋಟಾರು, ಎಲ್ಲ ಅವರ ಕೈಯಲ್ಲೇ ಇದ್ದವು. ಅವರ ನಿಜವಾದ ಹೆಸರು ಜನರಿಗೆ ಮರೆತೇ ಹೋಗಿತ್ತು.

ಅವಳಿಗೆ ಆರನೇ ವಯಸ್ಸಿನಲ್ಲಿ ತಂತಿಯ ಸಿಪ್ಪೆ ಸುಲಿಯುವುದನ್ನು ಕಲಿಸಿದ್ದೂ ಮಾವನೇ. ಹಾಗಾಗಿ ಇಬ್ಬರೂ ಸೇರಿದರೆ ಕೆಲಸ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಗಿಹೋಗುತ್ತದೆಂದು ಅವಳು ನಂಬಿದ್ದಳು. ಆದದ್ದೇ ಬೇರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇದರಲ್ಲಿ ಎತ್ತು ಯಾರು, ಕೋಣ ಯಾರು ಎಂಬುದರ ಬಗ್ಗೆ ಇಬ್ಬರಿಗೂ ಬೇರೆ ಬೇರೆ ಅಭಿಪ್ರಾಯವಿತ್ತು. ಅವಳು ತಂತಿಯ ಸುರುಳಿಗಳನ್ನು ತಂದಿಳಿಸಿದ ಮೊದಲ ದಿನವೇ ಮಾವ ಸೊಂಟದ ಮೇಲೆ ಕೈಯಿಟ್ಟು ನಿಂತು, ವೈರ್‌ಲೆಸ್ ಹಾಕುವುದಕ್ಕೆ ಇಷ್ಟೊಂದು ವೈರು ಬೇಕಾ ಎಂದು ಎಲ್ಲರೆದುರಿಗೆ ಕೇಳಿದ್ದರು. ಕೆಲಸದವರೆಲ್ಲ ನಕ್ಕರು. ಅವಳಿಗೆ ಮೈಯೆಲ್ಲ ಉರಿಯಿತು.

ನಕ್ಷೆ ಕೊಡಿ ಎಂದರೆ ಮಾವ ತಲೆ ಮುಟ್ಟಿ ತೋರಿಸಿದರು. ಅದನ್ನು ಕಾಗದದ ಮೇಲೆ ಬರೆದು ಕೊಡಿ ಎಂದರೆ ನಾಳೆ ಎಂದರು. ಆ ನಾಳೆ ಆರು ವಾರವಾದರೂ ಬರಲಿಲ್ಲ. ಕೊನೆಗೆ ಅವಳೇ ಪೀಠದ ಹಿಂದಿನ ಕೋಣೆಯಲ್ಲಿ ಕೂತು ಒಂದೊಂದೇ ತಂತಿಯ ಚೀಟಿ ಓದತೊಡಗಿದಳು. ಕೆಮ್ಮಜ್ಜ. ಟೋಪಿ ಟೀಚರ್. ಬೆವರಣ್ಣ. ಅವಳಿಜವಳಿ. ಅಳುಬುರುಕಿ.

"ಇದೇನು ಮಾವ, ಒಂದನೇ ಕೋಣೆ, ಎರಡನೇ ಕೋಣೆ ಅಂತ ಬರೆಯೋದಲ್ವಾ?"

"ಕೋಣೆ ಬದಲಾಗತ್ತೆ ಪುಟ್ಟಿ. ಆವತ್ತಿನ ಅಡುಗೆಮನೆ ಇವತ್ತು ಕಚೇರಿ."

"ಜನ ಬದಲಾಗಲ್ವಾ?"

ಮಾವ ನಿಜವಾಗಿಯೂ ಯೋಚಿಸಿದರು. "ಜನ ಸಾಯ್ತಾರೆ. ಬದಲಾಗಲ್ಲ."

ಅಳುಬುರುಕಿ ಯಾರೆಂದು ಅವಳು ಕೇಳಿದ್ದಳು. ಹುಡುಕು ಎಂದು ಹೇಳಿ ಅವರು ಏಣಿ ಹೆಗಲಿಗೇರಿಸಿ ಹೊರಟುಹೋಗಿದ್ದರು. ತಿಂಗಳ ಕೊನೆಗೆ ಕೆಲಸ ಒಪ್ಪಿಸಬೇಕಾದವಳಿಗೆ ಒಗಟು ಹೇಳುವ ಮುದುಕನ ಮೇಲೆ ಬರುವ ಸಿಟ್ಟು ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

*

ಅವಳು ಅಟ್ಟದಿಂದ ಇಳಿದು ಬಂದಳು. ಜನ ಹಾಡುತ್ತಿದ್ದರು. ಮುನ್ನೂರು ಜನರಿಗೆ ಕಡಿಮೆಯಿಲ್ಲ. ಬಲ್ಬು ಬದಲಾಯಿಸುವವನಿಗೆ ಇಷ್ಟು ಜನ ಬಂದಾರೆಂದು ಸಮಿತಿಯವರೂ ಎಣಿಸಿರಲಿಲ್ಲ. ಅಳುಬುರುಕಿ ಯಾರೆಂದು ಸಿಕ್ಕರೆ ತಂತಿಯ ದಾರಿಯೂ ಸಿಕ್ಕೀತು. ಯಾರನ್ನು ಕೇಳುವುದು? ಪಿಯಾನೋ ಪಕ್ಕದ ಬೆಂಚಿನಲ್ಲಿ ಹಸಿರು ಟೋಪಿಯ ಮುದುಕಿಯೊಬ್ಬರು ಬಾಯಿ ಮುಚ್ಚಿ ಕೂತಿದ್ದರು. ಹಿಂದೆ ಮಕ್ಕಳಿಗೆ ಹಾಡು ಕಲಿಸುತ್ತಿದ್ದ ಟೀಚರ್. ಟೋಪಿ ಟೀಚರ್ ಇವರಲ್ಲದೆ ಇನ್ಯಾರು? ಅವಳು ಬೆಂಚಿನ ಪಕ್ಕ ಮಂಡಿಯೂರಿ ಅವರ ಕಿವಿಯ ಹತ್ತಿರ ಬಾಯಿಟ್ಟು, ವೈರಣ್ಣ ಯಾರನ್ನು ಅಳುಬುರುಕಿ ಅನ್ನುತ್ತಿದ್ದರು ಎಂದು ಕೇಳಿದಳು. ಟೀಚರ್‌ಗೆ ಮೂರು ಸಲ ಹೇಳಬೇಕಾಯಿತು.

"ಗೊತ್ತಿಲ್ಲಮ್ಮ. ಏನೂ ಕೇಳಿಸ್ತಿಲ್ಲ ನಂಗೆ," ಎಂದು ಟೀಚರ್ ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದರು. "ಇಲ್ಲಿ ಬೆಂಚಿನ ಕೆಳಗೆ ವೈರಣ್ಣ ಒಂದು ಪುಟ್ಟ ಸ್ಪೀಕರ್ ಇಟ್ಟಿದ್ದ. ನನ್ನ ಕಿವಿ ಕೇಳದಾದ ವರ್ಷ, ಯಾರಿಗೂ ಹೇಳ್ಬೇಡಿ ಟೀಚರ್ ಅಂತ ಹೇಳಿ ಹಾಕಿಕೊಟ್ಟಿದ್ದು. ಬುಧವಾರದಿಂದ ಅದೂ ಸುಮ್ಮನಾಗಿದೆ. ಅವನ ಜೊತೆ ಅದೂ ಹೋಯ್ತು ಅನ್ಕೊಂಡೆ."

ಅದು ಅವನ ಜೊತೆ ಹೋದದ್ದಲ್ಲ. ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಇವಳ ಕತ್ತರಿಯ ಬಾಯಿಗೆ ಹೋದದ್ದು. ಅವಳಿಗೆ ಮುಖವೆತ್ತಿ ಆ ಟೋಪಿಯನ್ನು ನೋಡಲಾಗಲಿಲ್ಲ.

ಮುಂದಿನ ಬೆಂಚಿನಲ್ಲಿ ಅಧ್ಯಕ್ಷರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಅವರ ಹಣೆಯಿಂದ ನೀರು ಇಳಿಯುತ್ತಿತ್ತು. ಅವಳು ಬಗ್ಗಿ ಅವರ ಬೆಂಚಿನ ಕಾಲಿನ ಹತ್ತಿರ ಕಣ್ಣು ಹಾಯಿಸಿದಳು. ಇತ್ತು. ಕಂಪ್ಯೂಟರಿನ ಹೊಟ್ಟೆಯೊಳಗಿರುವಂಥ, ಅಂಗೈ ಅಗಲದ ಒಂದು ಫ್ಯಾನು, ಅವರ ಮುಖಕ್ಕೆ ಗಾಳಿ ಬರುವ ಹಾಗೆ ಓರೆಯಾಗಿ ಕೂತಿತ್ತು. ತಿರುಗುತ್ತಿರಲಿಲ್ಲ. ಹದಿನೈದು ವರ್ಷದಿಂದ ತಾನೊಬ್ಬನೇ ತಣ್ಣಗೆ ಪೂಜೆ ಕೇಳುತ್ತಿದ್ದೇನೆಂದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ತನಗೆ ಬೆವರಣ್ಣ ಎಂಬ ಹೆಸರಿದೆಯೆಂದೂ ಗೊತ್ತಿರಲಿಲ್ಲ.

ಆಗ ಅವಳಿಗೆ ಅರ್ಥವಾಯಿತು. ಅವು ಅಡ್ಡಹೆಸರುಗಳ ಹುಚ್ಚಾಟವಲ್ಲ. ಯಾರಿಗಾಗಿ ಎಳೆದ ತಂತಿಯೋ ಅವರ ಹೆಸರು ಅದರ ಮೇಲೆ. ಕಸವೆಂದು ಅವಳು ಮಂಗಳವಾರ ಕತ್ತರಿಸಿ ಹಾಕಿದ ತಂತಿಗಳ ಕಟ್ಟಿನಲ್ಲಿ ಇದ್ದದ್ದೆಲ್ಲ ಮೂವತ್ತೊಂದು ವರ್ಷ ಯಾರೂ ಹೇಳದೆ, ಯಾರಿಗೂ ಹೇಳದೆ ಮಾಡಿದ ಸಣ್ಣಪುಟ್ಟ ಉಪಕಾರಗಳು. ಇದನ್ನು ಬಾಯಿಬಿಟ್ಟು ಹೇಳಿದ್ದರೆ ಮಾವನ ಗಂಟೇನು ಹೋಗುತ್ತಿತ್ತು? ಅವಳಿಗೆ ಅಳುವಿಗಿಂತ ಮೊದಲು ಸಿಟ್ಟೇ ಬಂತು.

*

ಮಂಗಳವಾರ ಮಾವ ಇರಲಿಲ್ಲ. ಅತ್ತೆಯ ಜೊತೆ ಆಸ್ಪತ್ರೆಯಲ್ಲಿದ್ದರು. ಅವಳು ಹಳೆಯ ತಂತಿಗಳಿಗೆಲ್ಲ ಯಂತ್ರ ಹಿಡಿದು ನೋಡಿದಳು. ಆ ಯಂತ್ರಕ್ಕೆ ಕಂಪ್ಯೂಟರುಗಳು ಮಾತಾಡಿಕೊಳ್ಳುವ ತಂತಿ ಮಾತ್ರ ಜೀವಂತ. ಪೂಜೆಯ ಹೊತ್ತಿನಲ್ಲಷ್ಟೇ ಬದುಕುವ ತಂತಿಗಳೆಲ್ಲ ಅದರ ಲೆಕ್ಕದಲ್ಲಿ ಹೆಣ. ಮಾವ ಬರುವಷ್ಟರಲ್ಲಿ ಮುಗಿಸಿಬಿಡೋಣ, ಇದ್ದರೆ ಬರೀ ತಕರಾರು ಎಂದುಕೊಂಡು ಅವಳು ಹತ್ತು ತಂತಿಗಳ ಕಟ್ಟನ್ನು ಕಚಕಚನೆ ಕತ್ತರಿಸಿ, ಕೊಳವೆಯಿಂದ ಎಳೆದೆಳೆದು ಹೊರಗೆ ಹಾಕಿಸಿದಳು. ಆ ಎಳೆದಾಟದಲ್ಲೇ ಹನ್ನೊಂದನೆಯದು, ಜೀವಂತವಿದ್ದ ಅಳುಬುರುಕಿಯೂ ಒಳಗೆಲ್ಲೋ ತುಂಡಾಗಿತ್ತು.

ಸಂಜೆ ಮಾವ ಬಂದರು. ತಂತಿಯ ರಾಶಿಯ ಮುಂದೆ ತುಂಬ ಹೊತ್ತು ನಿಂತು, ಆಮೇಲೆ ಮೆಟ್ಟಿಲ ಮೇಲೆ ಕೂತರು.

"ಒಂದು ಮಾತು ಕೇಳ್ಬೇಕಿತ್ತು ನನ್ನ."

"ನಿಮ್ಮನ್ನ ಕೇಳಿದ್ರೆ ಕತೆ ಹೇಳ್ತೀರಿ ಮಾವ, ನಕ್ಷೆ ಕೊಡಲ್ಲ. ಆರು ವಾರದಿಂದ ಕೇಳ್ತಾನೇ ಇದೀನಿ. ಇಡೀ ಚರ್ಚನ್ನ ತಲೆಯಲ್ಲಿ ಇಟ್ಕೊಂಡು ಓಡಾಡಿದ್ರೆ, ನಾಳೆ ನಿಮಗೇನಾದ್ರೂ ಆದ್ರೆ ನಾವೇನು ಮಾಡೋದು?"

ಅದನ್ನು ಅವಳು ಹೇಳಿಬಿಟ್ಟಿದ್ದಳು. ಯಾರಾದರೂ ಹೇಳುವಂಥ ಮಾತೇ. ಮಾವ, ನಾಳೆ ಕೂತು ಎಲ್ಲ ಬರೆಸುತ್ತೇನೆ, ಪೆನ್ನು ತಾ ಎಂದು ಹೇಳಿ ಎದ್ದು ಹೋದರು.

*

ಅಮ್ಮ ಮೊದಲನೇ ಬೆಂಚಿನಲ್ಲಿ, ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದಳು. ಅಣ್ಣ ಹೋದ ಮೇಲೆ ಆಕೆ ಹೆಚ್ಚು ಮಾತಾಡಿರಲಿಲ್ಲ. ಮಗಳು ಮುನ್ನೂರು ಜನರೆದುರು ಬೆಕ್ಕಿನ ಹಾಗೆ ಬೆಂಚಿನಿಂದ ಬೆಂಚಿಗೆ ತೆವಳುತ್ತಿರುವುದನ್ನು ಕಂಡು ಆಕೆಯ ಮುಖ ಗಂಟಿಕ್ಕಿತ್ತು. ಫಾದರ್ ಪುಟ ತಿರುವಿದರು. ಇನ್ನು ಹತ್ತು ನಿಮಿಷ. ಆಮೇಲೆ ಕೊನೆಯ ಪ್ರಾರ್ಥನೆ. ಅತ್ತೆ ಕೇಳಿದ್ದ ಪ್ರಾರ್ಥನೆ.

"ಅಮ್ಮ, ಮಾವ ಯಾರನ್ನ ಅಳುಬುರುಕಿ ಅಂತಿದ್ರು?"

ಅಮ್ಮ ಪೀಠದ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ನಿನ್ನನ್ನೇ."

"ನನ್ನನ್ನಾ?"

"ಹುಟ್ಟಿದ ಒಂದು ವರ್ಷ ಸೂರು ಹಾರಿಹೋಗೋ ಹಾಗೆ ಅಳ್ತಿದ್ದೆ. ಫಾದರ್ ಬಾಯಿ ತೆಗೆದ್ರೆ ಸಾಕು, ನೀನೂ ಶುರು. ನಿನ್ನ ಎತ್ಕೊಂಡು ಪಕ್ಕದ ಬಾಗಿಲ ಜಗಲಿಯಲ್ಲಿ ನಿಂತಿರ್ತಿದ್ದೆ. ಒಂದು ಭಾನುವಾರ ನೋಡ್ತೀನಿ, ಅಣ್ಣ ಅಲ್ಲೊಂದು ಸ್ಪೀಕರ್ ಹಾಕಿದಾನೆ."

ಅವಳು ಎದ್ದು ಓಡಿದಳು. ಚರ್ಚಿನಲ್ಲಿ ಓಡಬಾರದು, ಹೆಣದ ಮುಂದೆಯಂತೂ ಓಡಲೇಬಾರದು. ಪಕ್ಕದ ಬಾಗಿಲನ್ನು ಹೆಗಲಿನಿಂದ ದೂಡಿ ಜಗಲಿಗೆ ಬಂದು ನೋಡಿದರೆ, ಸೂರಿನಡಿ ಬಣ್ಣ ಬಳಿದು ಗೋಡೆಯ ಜೊತೆಗೇ ಒಂದಾಗಿಹೋದ ಒಂದು ಡಬ್ಬಿ. ಒಳಗೆ ಹಳೆಯ ಸ್ಪೀಕರಿನ ತುಕ್ಕು, ಅದರ ಪಕ್ಕದಲ್ಲೇ ಮಾವ ಆಮೇಲೆ ಅದೇ ಕೊಳವೆಯಲ್ಲಿ ಎಳೆದ ನೆಟ್‌ವರ್ಕ್ ತಂತಿ. ಕಚೇರಿಯಿಂದ ಬಂದದ್ದು ಇಲ್ಲಿಗೆ ಬಂದು, ಇಲ್ಲಿಂದ ಅಟ್ಟಕ್ಕೆ ಹೋಗುತ್ತಿತ್ತು. ಹೆಸರು ಮಾತ್ರ ಹಳೆಯದೇ ಉಳಿದಿತ್ತು. ಅವಳು ಅಟ್ಟದ ಕಡೆಯ ತಂತಿಯನ್ನು ಮೆಲ್ಲಗೆ ಎಳೆದಳು. ಕಲ್ಲಿನ ಗೋಡೆಯ ಕೊಳವೆಯೊಳಗಿಂದ ಅದರ ಹರಿದ ತುದಿ ಗೇಣುದ್ದ ಬಂದು ಕೈಗೆ ಬಿತ್ತು. ಉಳಿದ ಭಾಗ ಒಳಗೇ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಹೊಸದನ್ನು ತೂರಿಸಲು ಇಬ್ಬರು ಬೇಕು, ಒಂದು ಗಂಟೆ ಬೇಕು.

ಒಂದು ಗಂಟೆ ಯಾರಪ್ಪನ ಮನೆಯಲ್ಲಿದೆ? ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಆ ಇಲಿಯೂ ಸತ್ತದ್ದು. ಅವಳು ಗೋಡೆಗೆ ಮುಷ್ಟಿಯಿಂದ ಗುದ್ದಿದಳು. ಗೋಡೆಗೇನೂ ಆಗಲಿಲ್ಲ. ಒಂದು ಮಾತು ಕೇಳದೆ ಕತ್ತರಿಸಿದ ತನ್ನನ್ನೂ, ಒಂದು ಮಾತು ಹೇಳದೆ ಹೋದ ಮಾವನನ್ನೂ ಸೇರಿಸಿ ಬೈದಳು. ಬೈಯುತ್ತ ಬೈಯುತ್ತಲೇ ಅಳು ಬಂತು. ಮೂರು ದಿನದಿಂದ ಬಾರದಿದ್ದದ್ದು ಈಗ ಬಂತು, ತಡೆಯಲಾಗಲಿಲ್ಲ.

ಅಮ್ಮ ಯಾವಾಗಲೋ ಬಂದು ಹಿಂದೆ ನಿಂತಿದ್ದಳು. "ಆಗಲೂ ಇಲ್ಲೇ ನಿಂತು ಅಳ್ತಿದ್ದೆ," ಎಂದಳು. ಸಮಾಧಾನದ ದನಿಯೇನೂ ಅಲ್ಲ ಅದು.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ನರ್ಸು. ದಿಂಬು ಎತ್ತರಿಸಿ ನಿಮ್ಮ ಅತ್ತೇನ ಕೂರಿಸಿದೀನಿ, ತಲೆ ಬಾಚಿ ಅಂದ್ರು ಬಾಚಿದೀನಿ, ಇನ್ನೂ ಶುರುವಾಗಿಲ್ವಾ ಅಂತ ಕೇಳ್ತಿದಾರೆ, ಎಂದಳು. ಅಮ್ಮ ಅವಳ ಕೈಯಿಂದ ಫೋನು ಕಿತ್ತುಕೊಂಡು ಒಮ್ಮೆ ಅದರ ಮುಖ ನೋಡಿದಳು, ಒಮ್ಮೆ ಅಂಗಳ ನೋಡಿದಳು.

"ಇಲ್ಲಿ ಇದು ಮಾತಾಡತ್ತಾ?"

"ಹೊರಗೆ ಮಾತಾಡತ್ತೆ. ಒಳಗೇ ಅಲ್ವಾ ಆಗದಿರೋದು."

"ಮತ್ತೆ ಬೆಳಿಗ್ಗೆಯಿಂದ ಏನು ಮಾಡ್ತಿದ್ದೆ ನೀನು? ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೀತಿದ್ಯಾ?" ಎಂದಳು ಅಮ್ಮ. ಆಮೇಲೆ ಫೋನಿಗೆ, "ಅತ್ತಿಗೆ, ಸ್ವಲ್ಪ ತಾಳಿ. ಅಣ್ಣನ್ನ ಹೊರಗೆ ಕರ್ಕೊಂಡು ಬರ್ತೀನಿ," ಎಂದಳು.

ಅವಳು ನಿಂತಲ್ಲೇ ನಿಂತಳು. ಇದು ತನಗೆ ಯಾಕೆ ಹೊಳೆಯಲಿಲ್ಲವೆಂದು ಕೇಳಿಕೊಳ್ಳುವ ಅಗತ್ಯವಿರಲಿಲ್ಲ. ಗೊತ್ತಿತ್ತು. ಆ ಗೋಡೆಯ ಒಳಗೇ ದೀಪ ಹತ್ತಿಸಿ ತೋರಿಸಬೇಕಾಗಿತ್ತು ಅವಳಿಗೆ. ಅತ್ತೆಗಲ್ಲ, ಮಾವನಿಗೆ.

ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಅಮ್ಮ ನಡುವಿನ ದಾರಿಯಲ್ಲಿ ನೆಟ್ಟಗೆ ನಡೆದು ಹೋಗಿ ಫಾದರ್ ಮುಂದೆ ನಿಂತಳು. ಅಧ್ಯಕ್ಷರು ಬೆವರೊರೆಸಿಕೊಳ್ಳುತ್ತ ಎದ್ದರು. ಇಂಥದ್ದು ಇಲ್ಲಿ ಎಂದೂ ನಡೆದಿಲ್ಲ, ಪ್ರಾರ್ಥನೆ ಮುಗಿಯುವ ಮೊದಲು ಪೆಟ್ಟಿಗೆ ಎತ್ತುವ ಕ್ರಮವಿಲ್ಲ ಎಂದೇನೋ ಹೇಳತೊಡಗಿದರು. ಅಮ್ಮ ಅವರ ಕಡೆ ತಿರುಗಲೇ ಇಲ್ಲ.

"ಫಾದರ್, ಒಳಗೆ ಬರೋಕಾಗದೋಳು ಒಬ್ಬಳು ಹೊರಗೆ ಕಾಯ್ತಿದಾಳೆ. ಕೊನೇ ಪ್ರಾರ್ಥನೆ ಅಲ್ಲೇ ಹೇಳೋಣ."

ಫಾದರ್ ಅಭ್ಯಾಸಬಲದಿಂದ ಕೈಗಡಿಯಾರ ನೋಡಿದರು. ಆಮೇಲೆ ಪುಸ್ತಕದ ನಡುವೆ ಬೆರಳಿಟ್ಟು ಮುಚ್ಚಿ, ಪೆಟ್ಟಿಗೆ ಹೊರುವ ಆರು ಜನರಿಗೆ ತಲೆಯಾಡಿಸಿದರು.

ಮುನ್ನೂರು ಜನ ಹೊರಬರಲು ಹೊತ್ತು ಹಿಡಿಯಿತು. ಯಾರೋ ಎರಡು ಬೆಂಚು ತಂದು ಜಗಲಿಯ ಮುಂದೆ ಇಟ್ಟರು, ಅದರ ಮೇಲೆ ಪೆಟ್ಟಿಗೆ ಇಳಿಸಿದರು. ಟೋಪಿ ಟೀಚರನ್ನು ಇಬ್ಬರು ಹಿಡಿದು ತಂದು ಫಾದರ್ ಪಕ್ಕದಲ್ಲೇ ನಿಲ್ಲಿಸಿದರು. ಬಿಸಿಲು ಚುರುಗುಟ್ಟುತ್ತಿತ್ತು. ಅವಳು ಫೋನನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ, ಹೂವಿನ ಕಟ್ಟಿಗೆ ಒರಗಿಸಿ ನಿಲ್ಲಿಸಿ ದನಿ ಪೂರ್ತಿ ಏರಿಸಿದಳು. ಪರದೆಯಲ್ಲಿ ಅತ್ತೆಯ ಮುಖ. ತಲೆ ನೀಟಾಗಿ ಬಾಚಿತ್ತು.

ಫಾದರ್ ಶುರುಮಾಡಿದರು, ಜನ ದನಿಗೂಡಿಸಿದರು. ಫೋನಿನೊಳಗಿಂದ ಅತ್ತೆಯ ದನಿಯೂ ಬಂತು, ಆದರೆ ಒಂದು ಸಾಲು ಹಿಂದೆ. ಇವರು ಎರಡನೇ ಸಾಲಿಗೆ ಹೋದರೆ ಅತ್ತೆ ಮೊದಲನೆಯದರಲ್ಲೇ ಇದ್ದರು. ದಾರಿಯಲ್ಲಿ ಎಲ್ಲೋ ತಡವಾಗುತ್ತಿತ್ತು; ಅವಳು ಅಲ್ಲಿಂದಲೇ ಕೈ ಚಾಚಿ ಏನಾದರೂ ಸರಿಮಾಡಬಹುದೇ ಎಂದು ನೋಡಿ, ಏನೂ ಮಾಡುವಂತಿಲ್ಲವೆಂದು ಕೈ ಹಿಂದಕ್ಕೆ ತೆಗೆದುಕೊಂಡಳು. ಅತ್ತೆ ಅವಸರ ಮಾಡಲಿಲ್ಲ. ಕಣ್ಣು ಮುಚ್ಚಿ, ತನ್ನ ಪಾಡಿಗೆ ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಿದ್ದರು. ಜನರದು ಮುಗಿಯಿತು. ಹೊರುವವರು ಬಗ್ಗಿ ಪೆಟ್ಟಿಗೆಯ ಹಿಡಿಗಳಿಗೆ ಕೈಯಿಟ್ಟಿದ್ದರು. ಫಾದರ್ ಅವರ ಕಡೆ ಬೆರಳೆತ್ತಿ ತಡೆದರು. ಅವರು ಕೈ ತೆಗೆದು ನೆಟ್ಟಗೆ ನಿಂತರು. ಅಂಗಳದ ತುಂಬ ನಿಂತ ಮುನ್ನೂರು ಜನರ ನಡುವೆ ಆ ಒಂದು ದನಿ ಕೊನೆಯ ಸಾಲನ್ನು ಹೇಳಿ, ಉಸಿರು ತೆಗೆದುಕೊಂಡು, ಆಮೆನ್ ಎನ್ನುವವರೆಗೂ ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲ.